ಒಕ್ಕಣೆ ಮುಗಿದ ಮೇಲೆ ತೆರೆಯುವ ದಾರಿ

ನಿಮ್ಮೂರಿನ ನಕಾಶೆಯನ್ನು ಎಂದಾದರೂ ಬಿಡಿಸಿ ನೋಡಿದ್ದೀರಾ? ಸರ್ವೆ ನಂಬರುಗಳ ನಡುವೆ ಚುಕ್ಕಿ ಚುಕ್ಕಿ ಗೆರೆಗಳು ಹಾದುಹೋಗಿರುತ್ತವೆ. ಒಂಟಿ ಚುಕ್ಕಿ ಗೆರೆ ಇದ್ದರೆ ಅದು ಕಾಲುದಾರಿ, ಜೋಡಿ ಚುಕ್ಕಿ ಗೆರೆ ಇದ್ದರೆ ಬಂಡಿದಾರಿ. ದಾರಿ ಜಗಳ ತಾಲ್ಲೂಕು ಕಚೇರಿ ಮುಟ್ಟಿದಾಗ ತಹಶೀಲ್ದಾರರ ಮೇಜಿನ ಮೇಲೆ ಹರಡುವುದು ಇದೇ ಹಾಳೆಯನ್ನು. "ನಕಾಶೆ ದಾರಿ ಸಾರ್, ನಮ್ಮ ತಾತನ ಕಾಲದ್ದು" ಎಂದು ಒಬ್ಬರು, "ಅದು ಕಾಗದದಲ್ಲಿ ಮಾತ್ರ ಸಾರ್, ನೆಲದ ಮೇಲೆ ಇಲ್ಲ" ಎಂದು ಇನ್ನೊಬ್ಬರು.

ಈ ಎರಡನ್ನೂ ಬಿಟ್ಟು ಮೂರನೆಯ ಬಗೆಯ ದಾರಿಯೊಂದಿದೆ. ಅದು ಯಾವ ನಕಾಶೆಯಲ್ಲೂ ಸಿಗುವುದಿಲ್ಲ. ರಾಗಿ ಕೊಯ್ಲಾಗಿ, ಅಕ್ಕಡಿ ಸಾಲಿನ ಅವರೆ, ತೊಗರಿಯೂ ಮನೆ ಸೇರಿ, ಕಣದಲ್ಲಿ ಒಕ್ಕಣೆ ಮುಗಿದು ಮೆದೆ ಎದ್ದ ಮೇಲೆ ಖಾಲಿ ಹೊಲದ ಮಧ್ಯೆ ಒಂದು ಬಿಳಿ ಗೆರೆ ಮೂಡುತ್ತದೆ. ಮೊದಲು ಡೈರಿಗೆ ಹಾಲು ಹಾಕುವವರು ಹೆಜ್ಜೆ ಇಡುತ್ತಾರೆ, ಹಿಂದೆ ಸ್ಕೂಲ್ ಮಕ್ಕಳು, ಅವರ ಹಿಂದೆ ಕುರಿ. ಹದಿನೈದು ದಿನಕ್ಕೆ ದಾರಿ ಗಟ್ಟಿಯಾಗುತ್ತದೆ. ಜೂನ್‌ನಲ್ಲಿ ಹದ ಮಳೆ ಬಿದ್ದು ನೇಗಿಲು ಇಲ್ಲವೇ ಟ್ರ್ಯಾಕ್ಟರ್ ಇಳಿದ ದಿನ ಅದು ಇದ್ದ ಗುರುತೂ ಉಳಿಯುವುದಿಲ್ಲ. ಮತ್ತೆ ಸಂಕ್ರಾಂತಿಗೆ ಮೂಡುತ್ತದೆ. ಹೊಲದ ಯಜಮಾನ ಬೇಡ ಅನ್ನುವುದಿಲ್ಲ, ನಡೆಯುವವರು ಕೇಳುವುದೂ ಇಲ್ಲ. ಇಷ್ಟು ವರ್ಷ ಹಾಗೆಯೇ ನಡೆದುಬಂದಿದೆ.

ನಾವು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಿಂದ ಬಂದು ಒಂದೇ ತರಗತಿಯಲ್ಲಿ ಗ್ರಾಮೀಣ ಪತ್ರಿಕೋದ್ಯಮ ಓದಿದವರು. ರಸ್ತೆ ಬಗ್ಗೆ ನಾವು ಬರೆದದ್ದು ಕಡಿಮೆ ಏನಿಲ್ಲ. ಗುಂಡಿ ಬಿದ್ದರೆ ಸುದ್ದಿ, ಡಾಂಬರು ಕಿತ್ತರೆ ಸುದ್ದಿ, ಶಂಕುಸ್ಥಾಪನೆ ಆದರಂತೂ ಫೋಟೋ ಸಮೇತ ಸುದ್ದಿ. ಆದರೆ ಟೆಂಡರ್ ಕರೆಯದ, ಬಿಲ್ ಎತ್ತದ, ಊರಿನವರೇ ಸನಿಕೆ ಹಿಡಿದು ಸವರಿಕೊಳ್ಳುವ ದಾರಿಗಳು ಸುದ್ದಿಯಾಗುವುದಿಲ್ಲ. ಅವುಗಳಿಂದ ಊರಿಗೆ ಎಷ್ಟು ದುಡ್ಡು ಉಳಿಯುತ್ತದೆ, ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿದವರನ್ನು ನಾವು ನೋಡಿಲ್ಲ. ಈ ಸಲ ಆ ಲೆಕ್ಕವನ್ನು ಸ್ವಲ್ಪವಾದರೂ ಹಾಕಿ ನೋಡೋಣ ಅನ್ನಿಸಿತು.

ಹಾಗೆ ಅನ್ನಿಸಲು ಕಾರಣ ತುಂಬಾ ದೂರದ್ದು. ನಮ್ಮಲ್ಲೊಬ್ಬರು ಅಮೆರಿಕದ ಹಿಮದ ದಾರಿಗಳ ಬಗ್ಗೆ ಓದಿಕೊಂಡು ಬಂದು ಹೇಳಿದರು. ಮಳೆಯೇ ನೆಟ್ಟಗೆ ಬೀಳದ ಕೋಲಾರಕ್ಕೂ ಹಿಮಕ್ಕೂ ಏನು ಸಂಬಂಧ ಎಂದು ನಾವೂ ನಕ್ಕೆವು. ಆಮೇಲೆ ಕೇಳಿಸಿಕೊಂಡೆವು.

ಹಿಮದ ಮೇಲೆ ಓಡುವ ಮೋಟಾರು ಬಂಡಿಗೆ ಸ್ನೋಮೊಬೈಲ್ ಅನ್ನುತ್ತಾರೆ. ಮುಂದೆ ಎರಡು ಜಾರುಪಟ್ಟಿ, ಹಿಂದೆ ಟ್ರ್ಯಾಕ್ಟರ್ ಚೈನಿನಂಥ ಅಗಲವಾದ ಪಟ್ಟಿ. ಒಬ್ಬಿಬ್ಬರು ಕೂತು ಹೋಗುವ ಹಗುರ ಬಂಡಿಯನ್ನು 1959ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಬೊಂಬಾರ್ಡಿಯರ್ ಎಂಬುವರು 'ಸ್ಕಿ-ಡೂ' ಹೆಸರಿನಲ್ಲಿ ಮಾರಾಟಕ್ಕೆ ತಂದರು. ಮುಂದೆ ಅದು ಉತ್ತರ ಅಮೆರಿಕದ ಹಳ್ಳಿಗಳ ಚಳಿಗಾಲದ ಹವ್ಯಾಸವಾಯಿತು. ಬಂಡಿ ಬಂದ ಮೇಲೆ ದಾರಿ ಬೇಕಲ್ಲ? ಮಿನ್ನೆಸೋಟ ರಾಜ್ಯವೊಂದರಲ್ಲೇ ಇಂಥ ದಾರಿಗಳ ಉದ್ದ ಸುಮಾರು 35,000 ಕಿಲೋಮೀಟರ್. ಅದರಲ್ಲಿ ಬಹುಪಾಲನ್ನು ನೋಡಿಕೊಳ್ಳುವುದು ಸರ್ಕಾರವಲ್ಲ, ಊರೂರಿನ ಸಂಘಗಳು. ಸಂಬಳವಿಲ್ಲದ ಜನ ಮರ ಸವರುತ್ತಾರೆ, ಹಳ್ಳಕ್ಕೆ ಮರದ ಸೇತುವೆ ಹಾಕುತ್ತಾರೆ, ಗುರುತಿನ ಹಲಗೆ ನೆಡುತ್ತಾರೆ, ರಾತ್ರಿಯೆಲ್ಲ ಯಂತ್ರ ಓಡಿಸಿ ಹಿಮವನ್ನು ಸಮ ಮಾಡುತ್ತಾರೆ. ಬಂಡಿಗಳ ನೋಂದಣಿ ಶುಲ್ಕದಿಂದಲೂ ಪೆಟ್ರೋಲ್ ತೆರಿಗೆಯ ಒಂದು ಪಾಲಿನಿಂದಲೂ ಆ ಸಂಘಗಳಿಗೆ ಸರ್ಕಾರ ಸಹಾಯಧನ ಕೊಡುತ್ತದೆ.

ನಮ್ಮ ಕಿವಿ ನೆಟ್ಟಗಾದದ್ದು ಮುಂದಿನ ಮಾತಿಗೆ. ಮೇನ್ ಎಂಬ ರಾಜ್ಯದಲ್ಲಿ ಈ ದಾರಿಗಳು ಬಹುತೇಕ ಖಾಸಗಿ ಜಮೀನಿನ ಮೇಲೇ ಹಾದುಹೋಗುತ್ತವೆ. ಸಂಘದವರು ಜಮೀನಿನ ಒಡೆಯರ ಬಳಿ ಹೋಗಿ ಅನುಮತಿ ಕೇಳುತ್ತಾರೆ. ಬೆಳೆ ಕೊಯ್ಲಾದ ಮೇಲೆ, ನೆಲ ಹೆಪ್ಪುಗಟ್ಟಿದ ಮೇಲೆ ದಾರಿ ತೆರೆಯುತ್ತದೆ. ಬೇಸಾಯದ ಕಾಲ ಬರುವ ಹೊತ್ತಿಗೆ ಮುಚ್ಚುತ್ತದೆ. ಒಡೆಯ ಒಂದು ವರ್ಷ ಬೇಡ ಅಂದರೆ ದಾರಿ ಬೇರೆ ಕಡೆ ತಿರುಗಬೇಕು. ಹಣ ತೆಗೆದುಕೊಳ್ಳದೆ ಜನರನ್ನು ತನ್ನ ಜಮೀನಿನಲ್ಲಿ ಬಿಟ್ಟುಕೊಂಡವನ ಮೇಲೆ, ಯಾರೋ ಬಿದ್ದು ಕಾಲು ಮುರಿದುಕೊಂಡರೆಂದು ಸುಲಭಕ್ಕೆ ಕೇಸು ಹಾಕದಂತೆ ಅಲ್ಲಿ ಕಾನೂನಿನ ರಕ್ಷಣೆ ಇದೆ. ಇಷ್ಟಕ್ಕೆ ಪ್ರತಿಯಾಗಿ ಬರುವುದೇನು? ಚಳಿಗಾಲದಲ್ಲಿ ಬಾಗಿಲು ಹಾಕಿಕೊಂಡಿರಬೇಕಾಗಿದ್ದ ಸಣ್ಣ ಊರುಗಳ ಹೋಟೆಲು, ಪೆಟ್ರೋಲ್ ಬಂಕು, ರಿಪೇರಿ ಅಂಗಡಿ, ತಂಗುವ ಮನೆಗಳು ತೆರೆದಿರುತ್ತವೆ.

"ಇದು ನಮ್ಮ ಅವರೆ ಹೊಲದ ದಾರಿಯೇ ಅಲ್ವಾ? ಹಿಮ ಒಂದು ಇಲ್ಲ ಅಷ್ಟೇ" ಎಂದರು ಶ್ರೀನಿವಾಸಪುರದ ಗೆಳತಿ. ಅಲ್ಲಿಂದ ನಮ್ಮ ಓಡಾಟ ಶುರುವಾಯಿತು.

ಎಲ್ಲರಿಗೂ ಗೊತ್ತಿರುವ ಕೋಲಾರದ ಅಂತರಗಂಗೆ ಬೆಟ್ಟವನ್ನೇ ಮೊದಲು ತೆಗೆದುಕೊಳ್ಳೋಣ. ಶತಶೃಂಗ ಸಾಲಿನ ಈ ಬೆಟ್ಟ ಪೇಟೆಗೆ ಮೂರು ನಾಲ್ಕು ಕಿಲೋಮೀಟರ್ ದೂರ. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರ ದೇವಸ್ಥಾನ, ಬಸವನ ಬಾಯಿಂದ ಬೀಳುವ ನೀರು. ಅಲ್ಲಿಂದ ಮೇಲೆ ಗುಂಡುಗಳ ಸಂದಿಯಲ್ಲಿ ನುಸುಳುವ ಗವಿಗಳು, ಇನ್ನೂ ಮೇಲೆ ಹೋದರೆ ತೇರಹಳ್ಳಿ ಕಡೆಯ ಊರುಗಳು. ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರ್ ಒಳಗೇ ಇರುವುದರಿಂದ ಶನಿವಾರ ಭಾನುವಾರ ಚಾರಣಿಗರ ಗುಂಪು ಬರುತ್ತದೆ. ಬೆಟ್ಟದ ಮೇಲಿನ ಊರುಗಳ ಜನ ತಲೆಮಾರುಗಳಿಂದ ಪೇಟೆಗೆ ಇಳಿದು ಹತ್ತಿದ ಕಾಲುದಾರಿಗಳೇ ಇವತ್ತು ಚಾರಣದ ದಾರಿಗಳಾಗಿವೆ. ತಲೆ ಮೇಲೆ ಸೌದೆ ಹೊರೆ, ಸೀತಾಫಲದ ಬುಟ್ಟಿ ಹೊತ್ತವರ ಕಾಲಿನಿಂದ ನುಣುಪಾದ ಬಂಡೆಗಳವು. ಚಾರಣಿಗರು ಫೋನಿನಲ್ಲಿ ಹುಡುಕುವ ಗೆರೆಯನ್ನು ಮೊದಲು ಬಿಡಿಸಿದ್ದು ಅವರ ಹೆಜ್ಜೆ.

ಒಂದು ಭಾನುವಾರ ಬೆಟ್ಟದ ಬುಡದಲ್ಲಿ ಕೂತು ದುಡ್ಡು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ನೋಡಿದೆವು. ವ್ಯಾನು ಬೆಂಗಳೂರಿನದು, ಗೈಡು ಬೆಂಗಳೂರಿನವರು, ತಿಂಡಿ ಪೊಟ್ಟಣವೂ ದಾರಿಯಲ್ಲೇ ಎಲ್ಲೋ ಕಟ್ಟಿಸಿದ್ದು. ಇಲ್ಲಿ ನಿಂತದ್ದು ಟೀ, ಸೌತೆಕಾಯಿ, ನೀರಿನ ಬಾಟಲಿಯ ದುಡ್ಡು. ಸೌತೆಕಾಯಿಗೆ ಉಪ್ಪು ಖಾರ ಹಚ್ಚಿ ಕೊಡುತ್ತಿದ್ದ ಅಮ್ಮನನ್ನು "ವ್ಯಾಪಾರ ಹೇಗಮ್ಮ?" ಎಂದು ಕೇಳಿದೆವು. "ಅವರು ಬರೋ ಹೊತ್ತಿಗೆ ಕತ್ತಲು, ಹೋಗೋ ಹೊತ್ತಿಗೆ ಅವಸರ. ಕೂತ್ಕಂಡ್ರೆ ತಾನೆ ಕಣಪ್ಪ ತಿನ್ನೋದು?" ಎಂದರು. ಒಂದು ದಾರಿಯ ಅರ್ಥಶಾಸ್ತ್ರ ಅವರ ಆ ಒಂದು ಮಾತಿನಲ್ಲಿದೆ. ಕಾಲು ನಿಂತ ಕಡೆ ಕಾಸು ಬೀಳುತ್ತದೆ. ದಾರಿ ಇದ್ದರೆ ಸಾಲದು, ದಾರಿಯಲ್ಲಿ ಕೂರುವ ಜಾಗ ಬೇಕು.

ಇದನ್ನು ನಮ್ಮ ಹಿಂದಿನವರು ಚೆನ್ನಾಗಿ ತಿಳಿದಿದ್ದರು. ನಮ್ಮ ಸೀಮೆಯಲ್ಲಿ ಊರ ಹೊರಗೆ ಗುಂಡುತೋಪು ಇಲ್ಲದ ಊರು ಕಡಿಮೆ. ಹುಣಸೆ, ಮಾವು, ನೇರಳೆ, ಹೊಂಗೆ. ಬಂಡಿ ಬಿಡಲು, ಎತ್ತಿಗೆ ನೀರು ಕುಡಿಸಲು, ದಾರಿಹೋಕರು ಬುತ್ತಿ ಬಿಚ್ಚಲು ಬಿಟ್ಟ ಜಾಗ ಅದು. ಹೊರೆ ಹೊತ್ತವರು ಯಾರ ಸಹಾಯವೂ ಇಲ್ಲದೆ ಇಳಿಸಿಕೊಳ್ಳಲೆಂದು ಎದೆ ಎತ್ತರಕ್ಕೆ ನಿಲ್ಲಿಸಿದ ಕಲ್ಲುಗಳು ಈಗಲೂ ಹಳೆಯ ದಾರಿಗಳಲ್ಲಿ ಸಿಗುತ್ತವೆ. ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟು ನೀರು ಮಜ್ಜಿಗೆ ಕೊಡುವ ಪದ್ಧತಿ ಇನ್ನೂ ಹೋಗಿಲ್ಲ.

ಮುಳಬಾಗಿಲಿನಲ್ಲಿ ಇದು ಕಣ್ಣಿಗೆ ಕಾಣುವಂತಿದೆ. ಮೂಡಲ ಬಾಗಿಲು ಎಂಬುದೇ ಆ ಊರಿನ ಹೆಸರಾಯಿತು. ಹಿಂದೆ ಮೂಡಣ ದಿಕ್ಕಿಗೆ, ತಿರುಪತಿ ಕಡೆಗೆ ಹೋಗುವವರು ದಾಟುತ್ತಿದ್ದ ಬಾಗಿಲು ಅದು. ಇಂದಿಗೂ ನಂಗಲಿ, ಪಲಮನೇರು, ಚಿತ್ತೂರು ಮಾರ್ಗವಾಗಿ ತಿರುಮಲಕ್ಕೆ ನಡೆದುಹೋಗುವವರಿದ್ದಾರೆ. ಅವರು ಬರುವ ದಿನಗಳಲ್ಲಿ ಹೆದ್ದಾರಿ ಪಕ್ಕದ ಊರಿನವರು ಶಾಮಿಯಾನ ಹಾಕಿ ಪಾನಕ, ಮಜ್ಜಿಗೆ, ಚಿತ್ರಾನ್ನ ಕೊಡುತ್ತಾರೆ, ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವವರೂ ಉಂಟು. ಯಾರಿಗೂ ಕೂಲಿ ಇಲ್ಲ. ಹಾಗೆ ಪುಕ್ಕಟೆ ಕೊಟ್ಟರೆ ಅಂಗಡಿಯವರಿಗೆ ನಷ್ಟ ಆಗಬೇಕಿತ್ತು. ಆದರೆ ಮುಳಬಾಗಿಲು ದೋಸೆಯ ಹೆಸರು ಬೆಂಗಳೂರಿನ ಬೋರ್ಡುಗಳ ಮೇಲೆ ಏರಿದ್ದು ಹೇಗೆ? ನೂರಾರು ವರ್ಷ ಜನ ಆ ಊರಿನಲ್ಲಿ ಇಳಿದು, ಆಂಜನೇಯನಿಗೆ ಕೈಮುಗಿದು, ಕೂತು, ತಿಂದು ಹೋದದ್ದಕ್ಕೂ ಅದರಲ್ಲಿ ಪಾಲಿದೆ ಎಂದು ನಮಗೆ ತೋರುತ್ತದೆ. ನಡೆಯುವವರನ್ನು ನೋಡಿಕೊಂಡ ಊರಿನಲ್ಲಿ ವ್ಯಾಪಾರವೂ ನಿಲ್ಲುತ್ತದೆ.

ಇನ್ನು ನಾವೇ ಕೈಹಾಕಿದ ದಾರಿಯ ಕಥೆ. ಆವಣಿ ದಿಕ್ಕಿನ ಒಂದು ಸಣ್ಣ ಹಳ್ಳಿ. ಹೆಸರು ಹಾಕಬೇಡಿ ಎಂದು ದಾರಿ ಬಿಟ್ಟುಕೊಟ್ಟವರು ಹೇಳಿದ್ದಾರೆ, ಹಾಕುವುದಿಲ್ಲ. ಹಳ್ಳಿಯಿಂದ ಡೈರಿ, ಸ್ಕೂಲು, ನ್ಯಾಯಬೆಲೆ ಅಂಗಡಿ ಇರುವ ಊರಿಗೆ ಡಾಂಬರು ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ನಾಲ್ಕು ಕಿಲೋಮೀಟರ್. ಗುಡ್ಡದ ಪಕ್ಕ ಕತ್ತರಿಸಿಕೊಂಡು ಹೋದರೆ ಒಂದೂವರೆ. ಆ ಅಡ್ಡದಾರಿ ಮೂರು ಮನೆಯವರ ಹೊಲಗಳ ಮೇಲೆ ಹಾದು, ಬಂಡೆಗಳ ನಡುವೆ ಇಳಿದು, ಒಂದು ಹಳ್ಳ ದಾಟುತ್ತದೆ. ಕೆಲವು ವರ್ಷ ಒಳ್ಳೆಯ ಮಳೆ ಬಂದು ಹಳ್ಳ ಕೊರೆದಿತ್ತು, ಲಂಟಾನ ಬೆಳೆದು ದಾರಿಯನ್ನು ನುಂಗಿತ್ತು. ವಯಸ್ಸಾದವರು ಬಿಟ್ಟುಬಿಟ್ಟಿದ್ದರು.

ಸಂಕ್ರಾಂತಿ ಕಳೆದ ಮೇಲೆ ಎರಡು ಭಾನುವಾರ, ಊರಿನವರೂ ನಾವೂ ಸೇರಿ ಇಪ್ಪತ್ತು ಜನ. ಮಚ್ಚು, ಸನಿಕೆ, ಹಾರೆ, ಬಾಂಡ್ಲಿ ಎಲ್ಲವೂ ಅವರವರ ಮನೆಯದೇ. ಲಂಟಾನವನ್ನು ಬುಡಸಮೇತ ಕಿತ್ತೆವು. ಹಳ್ಳಕ್ಕೆ ಹಾರೆಯಿಂದ ಮೀಟಿ ಚಪ್ಪಟೆ ಕಲ್ಲುಗಳನ್ನು ಇಳಿಸಿದೆವು. ನೀರು ದಾರಿಯ ಮೇಲೇ ಹರಿದು ಕೊರೆಯದಂತೆ ಅಲ್ಲಲ್ಲಿ ಅಡ್ಡ ಕಲ್ಲು ಇಟ್ಟು ಪಕ್ಕಕ್ಕೆ ತಿರುಗಿಸಿದೆವು. ಈ ಕೊನೆಯ ಕೆಲಸ ಹೇಳಿಕೊಟ್ಟವರು ಎಪ್ಪತ್ತು ದಾಟಿದ ಒಬ್ಬ ತಾತ. ಕೆರೆ ನೀರು ಬಿಡುವ ನೀರುಗಂಟಿಗಳ ಮನೆತನದವರು. "ನೀರನ್ನ ತಡೀಬೇಡ್ರಪ್ಪ, ದಾರಿ ತೋರ್ಸಿ. ತಡೆದ್ರೆ ನಿಮ್ ದಾರೀನೇ ತಕ್ಕೊಂಡ್ ಹೋಯ್ತದೆ" ಎಂದರು. ಯಾವ ಪುಸ್ತಕದಲ್ಲೂ ಇಷ್ಟು ಚಿಕ್ಕದಾಗಿ ಇದನ್ನು ಓದಿದ ನೆನಪು ನಮಗಿಲ್ಲ.

ಲೆಕ್ಕ ಹಾಕೋಣ. 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ ಇತ್ತು. ಆ ದರದಲ್ಲಿ ಇಪ್ಪತ್ತು ಜನರ ಎರಡು ದಿನದ ದುಡಿಮೆಗೆ 13,960 ರೂಪಾಯಿ. ಇದರ ಮೇಲೆ ಎರಡು ದಿನದ ಟೀ, ಚಿತ್ರಾನ್ನ. ಇಷ್ಟು ಬಂಡವಾಳಕ್ಕೆ ಹುಟ್ಟಿದ್ದೇನು? ಹಾಲಿನ ಕ್ಯಾನನ್ನು ಬೈಕಿನಲ್ಲಿ ಸಾಗಿಸುತ್ತಿದ್ದ ಹುಡುಗನಿಗೆ ತಿಂಗಳ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದ ಮನೆಗಳು ಈಗ ಕೊಡುತ್ತಿಲ್ಲ, ಹೆಂಗಸರೇ ಬೆಳಗ್ಗೆ ಸಂಜೆ ನಡೆದು ಹಾಕಿ ಬರುತ್ತಾರೆ. ಒಂದು ಹಸು, ಎರಡು ಹಸು ಕಟ್ಟಿಕೊಂಡ ಮನೆಗೆ ಆ ಉಳಿತಾಯ ಸಣ್ಣದಲ್ಲ. ಬೋರ್‌ವೆಲ್ ಬತ್ತಿದ ಎಷ್ಟೋ ಮನೆಗಳನ್ನು ನಮ್ಮ ಜಿಲ್ಲೆಯಲ್ಲಿ ನಿಲ್ಲಿಸಿರುವುದೇ ಹಾಲಿನ ಬಟವಾಡೆ. ಹೈಸ್ಕೂಲಿನ ಹೆಣ್ಣುಮಕ್ಕಳು ಆಟೋ ಕಾಯುವುದು ತಪ್ಪಿತು. ರೇಷನ್ ತರಲು ಮೊಮ್ಮಗನನ್ನು ಗೋಗರೆಯಬೇಕಿದ್ದ ಅಜ್ಜಿ ತಾವೇ ಹೋಗಿಬರುತ್ತಾರೆ. "ನಿಧಾನಕ್ಕೆ ಹೋಯ್ತೀನಿ, ಯಾರ್ ಹಂಗೂ ಇಲ್ಲ" ಎಂದರು. ಇದನ್ನು ರೂಪಾಯಿಯಲ್ಲಿ ಬರೆಯುವುದು ಹೇಗೆ?

ಜೊತೆಗೆ ಇನ್ನೊಂದಾಯಿತು. ಗುಡ್ಡ ನೋಡಲು, ಫೋಟೋ ತೆಗೆಯಲು ಭಾನುವಾರ ಹೊರಗಿನವರು ಬರತೊಡಗಿದರು. ದಾರಿಯ ಕೊನೆಯ ಮನೆಯವರು ಮಜ್ಜಿಗೆ, ಬೇಯಿಸಿದ ಕಡಲೆಕಾಯಿ ಇಟ್ಟರು. ಮೊದಲೇ ಹೇಳಿದರೆ ಮುದ್ದೆ, ಅವರೆಕಾಳು ಸಾರು. ಊರಲ್ಲಿ ಮೊದಲ ಬಾರಿಗೆ ಭಾನುವಾರಕ್ಕೆ ಒಂದು ಸಣ್ಣ ಆದಾಯ ಬಂತು.

ಆಮೇಲೆ ಒಂದು ಸೋಮವಾರ ಬೆಳಗ್ಗೆ ದಾರಿಗೆ ಅಡ್ಡಲಾಗಿ ಜಾಲಿ ಮುಳ್ಳು ಬಿದ್ದಿತ್ತು.

ಹಾಕಿದವರು ಎರಡನೆಯ ಹೊಲದ ಯಜಮಾನರು. ಹಿಂದಿನ ದಿನ ಬಂದ ಗುಂಪೊಂದು ತಡಿಕೆ ಬಾಗಿಲನ್ನು ತೆರೆದೇ ಬಿಟ್ಟು ಹೋಗಿತ್ತು. ಮೇಕೆಗಳು ನುಗ್ಗಿ ಹಿಪ್ಪುನೇರಳೆಯನ್ನು ತಿಂದುಹಾಕಿದ್ದವು. ಮನೆಯಲ್ಲಿ ಹುಳು ನಾಲ್ಕನೇ ಜ್ವರ ಕಳೆದು ಎದ್ದಿದ್ದವು. ರೇಷ್ಮೆ ಸಾಕಿದವರಿಗೆ ಗೊತ್ತು, ಆ ಹೊತ್ತಿನಲ್ಲಿ ಸೊಪ್ಪು ಇಲ್ಲ ಅಂದರೆ ಇಡೀ ಬೆಳೆ ಕೈಬಿಟ್ಟಂತೆ. ಆ ಮನುಷ್ಯ ಪಕ್ಕದೂರಿನಲ್ಲಿ ಸಾಲ ಮಾಡಿ ಸೊಪ್ಪು ತಂದು ಹುಳು ಉಳಿಸಿಕೊಂಡಿದ್ದರು. ಮುಳ್ಳು ಹಾಕಿದ್ದಕ್ಕೆ ಅವರನ್ನು ಬೈಯುವ ಬಾಯಿ ನಮಗಿರಲಿಲ್ಲ. ಅತ್ತ ಹಾಲಿನ ಕ್ಯಾನು ಹಿಡಿದ ಹೆಂಗಸರು ಮುಳ್ಳಿನ ಮುಂದೆ ನಿಂತಿದ್ದರು. ತಪ್ಪು ಮಾಡಿದವರು ಬೆಂಗಳೂರು ಸೇರಿಯಾಗಿತ್ತು, ಕಷ್ಟ ಮಾತ್ರ ಊರಿನ ಎರಡು ಮನೆಗಳ ನಡುವೆ ಉಳಿದಿತ್ತು.

ಅರಳಿಕಟ್ಟೆ ಮೇಲೆ ಮೂರು ಸಂಜೆ ಮಾತಾಯಿತು. ಮೇಕೆ, ಸೊಪ್ಪು ಎಲ್ಲ ಮುಗಿದ ಮೇಲೆ ನಿಜವಾದ ಭಯ ಹೊರಬಂತು. "ದಾರಿ ಬಿಡಾಕೆ ನಂಗೇನು ನೋವಿಲ್ಲ. ಇವತ್ತು ನಡೀತಾರೆ, ನಾಳೆ ಇದು ನಮ್ದೇ ದಾರಿ ಅಂತ ಕೇಸ್ ಹಾಕಿದ್ರೆ? ನನ್ನ ಮಕ್ಳು ಕೋರ್ಟಿಗೆ ಅಲೀಬೇಕಾ?" ಎಂದು ಅವರು ಕೇಳಿದರು. ಅದು ಸುಳ್ಳು ಭಯವಲ್ಲ. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ ಎಂಬಂತೆ ಓಡಾಡಿದರೆ ಬೇರೆಯವರ ಜಮೀನಿನಲ್ಲೂ ದಾರಿ ಹಕ್ಕು ಹುಟ್ಟಬಹುದು ಎಂಬ ತತ್ವ 1882ರ ಕಾಯ್ದೆಯಿಂದ ನಮ್ಮ ದೇಶದಲ್ಲಿದೆ. ಆದರೆ ಆ ತತ್ವಕ್ಕೆ ಇನ್ನೊಂದು ಮುಖವೂ ಇದೆ. ಯಜಮಾನನ ಅನುಮತಿ ಪಡೆದು ನಡೆದರೆ ಅದು ಹಕ್ಕಿನ ನಡಿಗೆ ಆಗುವುದಿಲ್ಲ, ಉಪಕಾರದ ನಡಿಗೆ ಆಗುತ್ತದೆ. ಅಂದರೆ ಅವರು ಮುಳ್ಳು ಹಾಕಿ ಉಳಿಸಿಕೊಳ್ಳಬೇಕೆಂದಿದ್ದನ್ನು ಒಂದು ಹಾಳೆಯೂ ಉಳಿಸುತ್ತದೆ.

ಹಾಳೆ ಬರೆದೆವು. ಅದರಲ್ಲಿ ಇದ್ದದ್ದು ಇಷ್ಟೇ: ದಾರಿ ಯಜಮಾನರ ಅನುಮತಿಯಿಂದ ಇದೆ, ಒಕ್ಕಣೆ ಮುಗಿದ ಮೇಲೆ ತೆರೆಯುತ್ತದೆ, ಉಳುಮೆ ಶುರುವಾದ ದಿನ ಮುಚ್ಚುತ್ತದೆ, ಊರಿನವರು ಎಂದಿನಂತೆ ನಡೆಯಬಹುದು, ಹೊರಗಿನವರು ಊರಿನ ಒಬ್ಬರ ಜೊತೆಯಲ್ಲಿ ಮಾತ್ರ, ಜೊತೆ ಹೋದವರಿಗೆ ಹೊರಗಿನವರು ಕೂಲಿ ಕೊಡಬೇಕು, ಅದರಲ್ಲಿ ಒಂದು ಪಾಲು ತಡಿಕೆ, ಬೇಲಿ ರಿಪೇರಿಗೆ, ಪ್ರತಿ ಸಂಕ್ರಾಂತಿಗೆ ಮತ್ತೆ ಕೇಳಬೇಕು. ಎರಡನೆಯ ಹೊಲದವರು ಓದಿಸಿಕೊಂಡು ಸಹಿ ಹಾಕಿದರು, ಮುಳ್ಳನ್ನು ತಾವೇ ಎಳೆದರು. ಮೂರನೆಯ ಹೊಲದವರು ಒಪ್ಪಲಿಲ್ಲ, ಇವತ್ತಿಗೂ ಒಪ್ಪಿಲ್ಲ. ಅಲ್ಲಿ ದಾರಿ ಅವರ ಬದುವಿನ ಹೊರಗೆ ಸುತ್ತಿ ಹೋಗುತ್ತದೆ. ಐದು ನಿಮಿಷ ಹೆಚ್ಚು, ಜಗಳವಿಲ್ಲ.

ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಇದೇ ಕ್ಯಾಲೆಂಡರ್ ತಿರುವುಮುರುವು. ರಾಗಿ ಹೊಲ ತೆರೆಯುವ ಕಾಲಕ್ಕೆ ಮಾವು ಹೂ ಬಿಡುತ್ತದೆ. ಕಾಯಿ ಕಚ್ಚಿ ದಪ್ಪವಾಗುತ್ತಿದ್ದಂತೆ ತೋಪು ವಹಿಸಿಕೊಂಡ ವ್ಯಾಪಾರಿಗಳ ಕಾವಲು ಬೀಳುತ್ತದೆ, ಅಡ್ಡದಾರಿಗಳು ಮುಚ್ಚುತ್ತವೆ. ಅಲ್ಲಿನ ಸ್ವಯಂಸೇವೆ ಬಂಡಿದಾರಿಯದು. ಮೇ ತಿಂಗಳಿಂದ ಬಾದಾಮಿ, ಬೇನಿಷ, ಕೊನೆಗೆ ತೋತಾಪುರಿ ಒಂದರ ಹಿಂದೆ ಒಂದು ಇಳಿಯುತ್ತವೆ. ಕ್ರೇಟು ತುಂಬಿದ ಟ್ರ್ಯಾಕ್ಟರ್ ಗುಂಡಿಯಲ್ಲಿ ಹಾರಿ ಬಿದ್ದರೆ ಕಾಯಿಗೆ ಪೆಟ್ಟು, ಪೆಟ್ಟು ಬಿದ್ದ ಕಾಯಿ ಎರಡು ದಿನಕ್ಕೆ ಕಪ್ಪು, ಕಪ್ಪಾದ ಕಾಯಿಗೆ ಮಂಡಿಯಲ್ಲಿ ರೇಟಿಲ್ಲ. ಆದ್ದರಿಂದ ಕಾಯಿ ಇಳಿಸುವ ಮೊದಲು ಒಂದೇ ದಾರಿಯ ಮೇಲಿರುವ ತೋಪಿನವರು ಸರದಿಯಲ್ಲಿ ಒಂದೊಂದು ಲೋಡು ಮಣ್ಣು ಹಾಕಿ ಸಮ ಮಾಡಿಕೊಳ್ಳುವುದನ್ನು ನಾವು ನೋಡಿದೆವು. ಉದ್ಯೋಗ ಖಾತ್ರಿಯಲ್ಲಿ 'ನಮ್ಮ ಹೊಲ ನಮ್ಮ ರಸ್ತೆ' ಎಂದು ಇಂಥ ದಾರಿಗಳಿಗೆಂದೇ ಕಾಮಗಾರಿ ಬಂತು, ಕೆಲವು ಕಡೆ ಒಳ್ಳೆಯ ರಸ್ತೆಯೂ ಆಯಿತು. ಆದರೆ ಮಾಡಿದ ಮೇಲಿನ ವರ್ಷದ ಮಳೆಗೆ ಕೊಚ್ಚಿದ್ದನ್ನು ತುಂಬುವವರು ಯಾರು? ಅಲ್ಲಿಗೆ ಮತ್ತೆ ಊರಿನ ಸನಿಕೆಯೇ ಬರಬೇಕು.

ಆ ಸನಿಕೆ ಹಿಡಿಯುವ ಕೈ ಎಲ್ಲಿದೆ ಎಂಬ ಪ್ರಶ್ನೆ ನಮಗೆ ಮಾಲೂರು ಸೀಮೆಯಲ್ಲಿ ಎದುರಾಯಿತು. ಟೇಕಲ್ ಸುತ್ತ ಗುಂಡು ಬೆಟ್ಟಗಳು ಚೆಂದ. ರೈಲು ಇಳಿದು ನಡೆದೇ ಹೋಗಬಹುದಾದ ಜಾಗ. ಒಂದು ಕಡೆ ಕಲ್ಲು ಕ್ವಾರಿ, ಇನ್ನೊಂದು ಕಡೆ ನೀಲಗಿರಿ ತೋಪು, ಹೊಸ ಲೇಔಟುಗಳ ಬೇಲಿ. ಉಳಿದ ಕಾಲುದಾರಿಗಳನ್ನು ಸವರಿಕೊಳ್ಳೋಣ ಎಂದರೆ ಊರಲ್ಲಿ ಐವತ್ತು ದಾಟಿದವರೇ ಸಿಕ್ಕರು. ಹುಡುಗರು, ಹುಡುಗಿಯರು ನರಸಾಪುರ, ಮಾಲೂರು ಕೈಗಾರಿಕಾ ಪ್ರದೇಶದ ಕಂಪನಿ ಬಸ್ಸು ಹತ್ತಿ ಹೋಗಿರುತ್ತಾರೆ. ಶಿಫ್ಟ್ ಮುಗಿಸಿ ಬಂದವರಿಗೆ ಭಾನುವಾರ ಎಂದರೆ ನಿದ್ದೆ. ಅವರನ್ನು ದೂರುವುದು ಸರಿಯಲ್ಲ, ಸಂಬಳದ ಕೆಲಸ ಸಿಕ್ಕಿದೆ ಎಂಬುದೇ ದೊಡ್ಡದು. ಹಿಮದ ನಾಡಿನ ಸಂಘಗಳಲ್ಲೂ ಕೂದಲು ನರೆತವರೇ ಹೆಚ್ಚು ಎಂದು ನಮ್ಮ ಗೆಳೆಯರು ಹೇಳಿದಾಗ ಎಲ್ಲರೂ ಒಟ್ಟಿಗೆ ನಿಟ್ಟುಸಿರು ಬಿಟ್ಟೆವು.

ಶ್ರಮದಾನ ಎಂಬ ಮಾತನ್ನು ನಾವು ಬಲು ಸುಲಭವಾಗಿ ಬಳಸುತ್ತೇವೆ. ದಾನ ಎಂದ ಮೇಲೆ ಕೊಡುವವರ ಬಳಿ ಇರಬೇಕು. ಕೂಲಿ ಬಿಟ್ಟು ಬಂದವರ ದಾನಕ್ಕೂ ರಜೆಯಲ್ಲಿ ಬಂದ ನಮ್ಮ ದಾನಕ್ಕೂ ತೂಕ ಒಂದೇ ಅಲ್ಲ. ಅದಕ್ಕೇ ದಾರಿ ಬಳಸುವ ಹೊರಗಿನವರಿಂದ ಬರುವ ದುಡ್ಡಿನಲ್ಲಿ ಒಂದು ಪಾಲು ದಾರಿಗೇ ಮರಳಬೇಕು ಎಂಬ ಮಾತನ್ನು ಮಾತ್ರ ಹಿಮದವರಿಂದ ಎರವಲು ತರಬೇಕೆಂದು ನಮಗೆ ಅನ್ನಿಸಿತು. ಅಲ್ಲಿ ಬಂಡಿಯವನು ಕಟ್ಟಿದ ನೋಂದಣಿ ಶುಲ್ಕ ದಾರಿ ಕಾಯುವ ಸಂಘ ಮುಟ್ಟುತ್ತದೆ. ನಮ್ಮಲ್ಲಿ 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದ ಮೇಲೆ ಅರಣ್ಯದ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಬಿಗಿಯಾಯಿತು, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಮಿತಿ ಬೇಕೇ ಬೇಕು. ಮಾರ್ಚ್ ಬಿಸಿಲಿನಲ್ಲಿ ಒಣಹುಲ್ಲಿನ ಬೆಟ್ಟಕ್ಕೆ ಒಂದು ಬೀಡಿ ತುಂಡು ಸಾಕು. ಆದರೆ ಚಾರಣಿಗ ಕಟ್ಟುವ ಶುಲ್ಕದಲ್ಲಿ ಬೆಟ್ಟದ ಮೇಲಿನ, ಬುಡದ ಊರುಗಳಿಗೂ ಇಂತಿಷ್ಟು ಎಂದು ಇರಲಿ. ಗೈಡುಗಳು ಆ ಊರಿನವರೇ ಆಗಲಿ. ಬೆಂಕಿ ರೇಖೆ ಕಡಿಯುವ, ಕಸ ಹೆಕ್ಕುವ, ಕಲ್ಲು ಜೋಡಿಸುವ ಕೆಲಸಕ್ಕೆ ಆ ದುಡ್ಡು ಬರಲಿ. ಹಾಗಾದರೆ ಐವತ್ತು ದಾಟಿದವರ ಜೊತೆಗೆ ಇಪ್ಪತ್ತರವರೂ ಸನಿಕೆ ಹಿಡಿಯಬಹುದು.

ದೊಡ್ಡ ಯೋಜನೆ ಬರಲಿ ಎಂದು ನಾವು ಕೇಳುತ್ತಿಲ್ಲ. ಬೆಟ್ಟಕ್ಕೆ ರೋಪ್‌ವೇ, ಬಂಡೆಗೆ ಬಣ್ಣ, ದಾರಿಗೆ ಕಾಂಕ್ರೀಟು ಇವು ಬಂದರೆ ದಾರಿ ಗುತ್ತಿಗೆದಾರರದಾಗುತ್ತದೆ, ಊರಿನವರು ನೋಡುಗರಾಗುತ್ತಾರೆ. ಊರಿನವರ ಕೈಯಲ್ಲಿ ಇರುವ ದಾರಿಗೆ ಬೇಕಾದದ್ದು ಕಡಿಮೆ: ಯಜಮಾನರ ಒಪ್ಪಿಗೆಯ ಒಂದು ಹಾಳೆ, ವರ್ಷಕ್ಕೆ ಎರಡು ಭಾನುವಾರ, ಮುಚ್ಚುವ ಒಂದು ತಡಿಕೆ ಬಾಗಿಲು, ಕೂರಲು ಒಂದು ಕಲ್ಲು, ಪಕ್ಕದಲ್ಲಿ ಮಜ್ಜಿಗೆ. ಇವುಗಳಲ್ಲಿ ಮೊದಲನೆಯದು ಇಲ್ಲದಿದ್ದರೆ ಉಳಿದವು ಇದ್ದೂ ಪ್ರಯೋಜನವಿಲ್ಲ ಎಂಬುದನ್ನು ಜಾಲಿ ಮುಳ್ಳು ನಮಗೆ ಹೇಳಿಕೊಟ್ಟಿದೆ.

ಈ ವರ್ಷ ನಿಮ್ಮೂರಲ್ಲಿ ಮೆದೆ ಎದ್ದ ಮೇಲೆ ಅಂಥದೊಂದು ಗೆರೆ ಮೂಡಿದರೆ, ನಡೆಯುವ ಮೊದಲು ಆ ಹೊಲದ ಮನೆಗೆ ಹೋಗಿ ಒಂದು ಮಾತು ಕೇಳಿ. ಬೇಡ ಅಂದರೆ ಬದುವಿನ ಹೊರಗೆ ಸುತ್ತಿ ಹೋಗಿ. ಹೂಂ ಅಂದರೆ ನಮಗೆ ತಿಳಿಸಿ. ಸನಿಕೆ ನಾವೇ ತರುತ್ತೇವೆ, ಹಾರೆ ಮಾತ್ರ ನಿಮ್ಮ ಕಡೆಯಿಂದ ಇರಲಿ. ಬಸ್ಸಿನಲ್ಲಿ ಅದನ್ನು ಹತ್ತಿಸಿಕೊಳ್ಳುವುದಿಲ್ಲ.